ಹೆಣ್ಣು ಗಂಡುಗಳ ನಿರ್ಣಯ

ಹುಟ್ಟಲಿರುವ ಜೀವವು ಹೆಣ್ಣಾಗುವುದೋ ಗಂಡಾಗುವುದೋ ಎಂಬುದನ್ನು ನಿಶ್ಚಯಿಸುವುದು ಯಾವುದು? ಇಷ್ಟು ಹಳೆಯ ಪ್ರಶ್ನೆ ಬೇರೊಂದಿರಲಾರದು. ಇದಕ್ಕೆ ಹಿಂದಿನವರು ಕೊಟ್ಟ ಉತ್ತರಗಳಿಗೂ ಲೆಕ್ಕವಿಲ್ಲ. ಗ್ರೀಕರ ಅರಿಸ್ಟಾಟಲನು ಕಾವಿನ ಹೆಚ್ಚು ಕಡಮೆಯನ್ನು ಕಾರಣವೆಂದನು. ನಮ್ಮ ಆಯುರ್ವೇದಜ್ಞರು ಶುಕ್ರಾಧಿಕ್ಯದಿಂದ ಗಂಡು, ಶೋಣಿತಾಧಿಕ್ಯದಿಂದ ಹೆಣ್ಣು ಎಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಯೂರೋಪಿನ ಪಂಡಿತರು ಅನೇಕರು ಗರ್ಭಿಣಿಯ ಆಹಾರದ ಕಡೆಗೆ ಬೆರಳು ತೋರಿಸುತ್ತಿದ್ದರು. ಶಾಸ್ತ್ರಗಳಲ್ಲಿ ಇಷ್ಟು ಭೇದವಿದ್ದರೂ ಮನೆಯೊಳಗಿನ ತೀರ್ಪು ಮಾತ್ರ ಒಂದೇ: ಹೆಣ್ಣು ಹುಟ್ಟಿದರೆ ತಪ್ಪು ಹೆತ್ತವಳದು. ಮೂರನೆಯದೂ ಹೆಣ್ಣಾಯಿತೆಂದು ಬಾಣಂತಿಯ ಮುಖ ನೋಡದ ಅತ್ತೆಯರ ಮಾತನ್ನೂ, ಎರಡನೆಯ ಮದುವೆಗೆ ಹೊರಟು ನಿಂತ ಗಂಡಂದಿರ ಮಾತನ್ನೂ ನಾವೆಲ್ಲರೂ ಕೇಳಿಯೇ ಇದ್ದೇವೆ.

ಈ ತೀರ್ಪನ್ನು ತಲೆಕೆಳಗುಮಾಡುವ ಸಾಕ್ಷ್ಯವು 1905ರಲ್ಲಿ ಹೊರಬಿದ್ದಿತು. ಅದೂ ಹಳೆಯ ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವಿನಿಂದ. ಅದನ್ನು ಕಂಡವರು ಅಮೆರಿಕದ ನೆಟ್ಟಿ ಮರಿಯಾ ಸ್ಟೀವನ್ಸ್ ಎಂಬ ವಿದುಷಿ. ಇವರು 1861ರಲ್ಲಿ ವರ್ಮಾಂಟ್ ಪ್ರಾಂತದಲ್ಲಿ ಬಡಗಿಯೊಬ್ಬರ ಮಗಳಾಗಿ ಹುಟ್ಟಿ, ಹಲವು ವರ್ಷ ಉಪಾಧ್ಯಾಯಿನಿಯಾಗಿ ದುಡಿದು, ಮೂವತ್ತೈದರ ವಯಸ್ಸಿನಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಮುಂದೆ ಬ್ರಿನ್ ಮಾರ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ 1903ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

ಜೀವಕಣವೊಂದಕ್ಕೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದು ಇಬ್ಭಾಗವಾಗುವ ಸಮಯದಲ್ಲಿ, ಸಣ್ಣ ಕಡ್ಡಿಗಳಂತಹ ತುಣುಕುಗಳು ಕಾಣಬರುತ್ತವೆ. ಬಣ್ಣವನ್ನು ಹೀರಿಕೊಳ್ಳುವುದರಿಂದ ಅವುಗಳಿಗೆ ವರ್ಣತಂತುಗಳೆಂದು ಹೆಸರು. ಹಿಟ್ಟಿನ ಹುಳುವಿನಲ್ಲಿ ಹೆಣ್ಣಿಗೂ ಇಪ್ಪತ್ತು ತಂತುಗಳು, ಗಂಡಿಗೂ ಇಪ್ಪತ್ತು. ಆದರೆ ಹೆಣ್ಣಿನಲ್ಲಿ ಇಪ್ಪತ್ತೂ ದೊಡ್ಡವು. ಗಂಡಿನಲ್ಲಿ ಹತ್ತೊಂಬತ್ತು ದೊಡ್ಡವು, ಒಂದು ಮಾತ್ರ ತೀರ ಪುಟ್ಟದು. ಅಂಡವೂ ರೇತಾಣುವೂ ಸಿದ್ಧವಾಗುವಾಗ ತಂತುಗಳ ಸಂಖ್ಯೆ ಅರ್ಧವಾಗುವುದಷ್ಟೆ. ಆಗ ಅಂಡಗಳೆಲ್ಲಕ್ಕೂ ಹತ್ತು ದೊಡ್ಡ ತಂತುಗಳೇ ಬರುತ್ತವೆ, ಅವುಗಳಲ್ಲಿ ಭೇದವಿಲ್ಲ. ರೇತಾಣುಗಳಲ್ಲಾದರೋ ಎರಡು ಪಂಗಡ: ಅರ್ಧಕ್ಕೆ ಹತ್ತು ದೊಡ್ಡವು, ಉಳಿದರ್ಧಕ್ಕೆ ಒಂಬತ್ತು ದೊಡ್ಡವು ಮತ್ತು ಆ ಪುಟ್ಟದೊಂದು. ಪುಟ್ಟ ತಂತುವನ್ನು ಹೊತ್ತ ರೇತಾಣುವು ಅಂಡವನ್ನು ಕೂಡಿದರೆ ಗಂಡು, ಇಲ್ಲದ್ದು ಕೂಡಿದರೆ ಹೆಣ್ಣು. ನಿರ್ಣಯವು ಗರ್ಭಾಂಕುರದ ಕ್ಷಣದಲ್ಲಿಯೇ ಆಗಿಹೋಗುತ್ತದೆ. ಅನಂತರದ ಪಥ್ಯಪಾನಗಳಿಗೆ ಅಲ್ಲಿ ಕೆಲಸವಿಲ್ಲ.

ಅದೇ ವರ್ಷ ಕೊಲಂಬಿಯ ವಿಶ್ವವಿದ್ಯಾನಿಲಯದ ಎಡ್ಮಂಡ್ ವಿಲ್ಸನ್ನರೂ ಬೇರೆ ಕೀಟಗಳಲ್ಲಿ ಇಂತಹುದನ್ನೇ ಕಂಡರು. ಸ್ಟೀವನ್ಸರ ಗುರುಗಳಲ್ಲೊಬ್ಬರಾದ ಮಾರ್ಗನ್ನರು ವರ್ಣತಂತುಗಳ ವಾದವನ್ನು ಬಹುಕಾಲ ಸಂಶಯದಿಂದಲೇ ನೋಡಿ, 1910ರಲ್ಲಿ ಬಿಳಿಗಣ್ಣಿನ ನೊಣವೊಂದು ಸಿಕ್ಕಿದ ಮೇಲೆ ಅದಕ್ಕೆ ಒಲಿದರು. 1933ರಲ್ಲಿ ನೊಬೆಲ್ ಬಹುಮಾನವೂ ಅವರಿಗೆ ಬಂದಿತು. ಸ್ಟೀವನ್ಸರು 1912ರಲ್ಲಿ, ಐವತ್ತರ ವಯಸ್ಸಿನಲ್ಲಿ, ಸ್ತನದ ಅರ್ಬುದರೋಗದಿಂದ ತೀರಿಕೊಂಡರು. ಪಠ್ಯಪುಸ್ತಕಗಳು ಬಹುದಿನ ಇವರ ಹೆಸರನ್ನು ಹೇಳಲಿಲ್ಲ. ಹೇಳಿದವು ವಿಲ್ಸನ್ನರ ಬಾಲದಂತೆ ಹೇಳಿದವು. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಹುಳುವಿಗೆ ಸಲ್ಲುವ ಮಾತು ಮನುಷ್ಯನಿಗೂ ಸಲ್ಲುವುದೆ ಎಂದು ಕೇಳಬಹುದು. ಸಲ್ಲುತ್ತದೆ. ತಾಯಿಯಿಂದ ಮಗುವಿಗೆ ಬರುವುದು ಎಂದಿಗೂ ಎಕ್ಸ್ ತಂತುವೇ. ತಂದೆಯಿಂದ ಎಕ್ಸ್ ಬರಬಹುದು, ಪುಟ್ಟದಾದ ವೈ ಬರಬಹುದು. ವೈ ತಂತುವೇ ಗಂಡುತನಕ್ಕೆ ಕಾರಣವೆಂಬುದು 1959ರಲ್ಲಿ ಸ್ಥಿರಪಟ್ಟು, ಅದರೊಳಗಿನ ಮುಖ್ಯವಾದ ಬೀಜಾಂಶವು 1990ರಲ್ಲಿ ಗೊತ್ತಾಯಿತು. ಹಾಗೆಂದು ದೂರನ್ನು ಸೊಸೆಯಿಂದ ಮಗನ ಮೇಲೆ ವರ್ಗಾಯಿಸಿ ಪ್ರಯೋಜನವಿಲ್ಲ. ಯಾವ ರೇತಾಣು ಮುಂದಾಗುವುದೆಂಬುದು ಅವನ ಕೈಯಲ್ಲಿಯೂ ಇಲ್ಲ.

ಎಲ್ಲ ಪ್ರಾಣಿಗಳಿಗೂ ಇದೊಂದೇ ಕಟ್ಟಳೆಯೆಂದು ಮಾತ್ರ ತಿಳಿಯಬಾರದು. ನಮ್ಮ ರೇಷ್ಮೆಯ ಹುಳುವಿನಲ್ಲಿಯೂ ಕೋಳಿಯಲ್ಲಿಯೂ ಕ್ರಮವು ವಿಪರ್ಯಾಸವಾಗಿದೆ: ಅಲ್ಲಿ ಎರಡು ಬಗೆಯಾಗಿರುವುದು ಅಂಡ, ನಿರ್ಣಯವು ತಾಯಿಯ ಕಡೆಯದು. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಒಂದೊಂದು ಗೂಡಿನ ಒಳಗೂ ಆ ತೀರ್ಮಾನವು ಅಡಗಿರುತ್ತದೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸಿಕೊಳ್ಳುವ ಮೊಸಳೆಗಳಿಗಂತೂ ಇಂತಹ ತಂತುವೇ ಇಲ್ಲ. ಮೊಟ್ಟೆಯನ್ನು ಹೂತ ಮಣ್ಣಿನ ಶಾಖವು 31 ಡಿಗ್ರಿ ಸೆಂಟಿಗ್ರೇಡನ್ನು ಮೀರದಿದ್ದರೆ ಮರಿಗಳು ಹೆಣ್ಣು, 32.5 ಡಿಗ್ರಿಯ ಸುಮಾರಿಗೆ ನಿಂತರೆ ಗಂಡು. ಅರಿಸ್ಟಾಟಲನ ಕಾವಿಗೆ ಅಷ್ಟರಮಟ್ಟಿಗೆ ಒಂದು ನೆಲೆ ಸಿಕ್ಕಿದಂತಾಯಿತು.