ಜಮಖಾನ ಹಾಸುವ ಕೈಗಳು



ಊರಲ್ಲಿ ನಾಟಕ ಮುಗಿದ ಮೇಲೆ ನೀವು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೀರಾ? ಚಪ್ಪಾಳೆ ನಿಂತಿರುತ್ತದೆ. ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಆಗ ಯಾರೋ ಒಬ್ಬರು ಸದ್ದಿಲ್ಲದೆ ಜಮಖಾನ ಮಡಚುತ್ತಿರುತ್ತಾರೆ. ಮಧ್ಯಾಹ್ನ ಅದನ್ನು ಹಾಸಿದವರೂ ಅವರೇ.

ಅಂಥವರನ್ನು ಕಂಡಾಗ ನನಗೆ ಸಾಗರದ ಬಳಿಯ ಹೆಗ್ಗೋಡು ನೆನಪಾಗುತ್ತದೆ. ಸುತ್ತ ಅಡಿಕೆ ತೋಟ, ಬಿಡದ ಮಳೆ. ಆ ಹಳ್ಳಿಯಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದೇ ನಮ್ಮೆಲ್ಲರ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು. ಓದಿಗೆಂದು ಮೈಸೂರಿಗೆ ಹೋದವರು, ಮತ್ತೆ ಊರಿಗೇ ಮರಳಿದರು. ಒಳ್ಳೆಯ ನಾಟಕ, ಒಳ್ಳೆಯ ಸಿನಿಮಾ ಪಟ್ಟಣದವರ ಸೊತ್ತಲ್ಲ ಎಂದು ನಂಬಿದರು. ಹಳ್ಳಿಯ ಜನರ ಮುಂದೆ ಜಗತ್ತಿನ ಚಿತ್ರಗಳನ್ನು ತಂದಿಟ್ಟರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. 1985ರಿಂದ ಸಂಘದ ‘ತಿರುಗಾಟ’ ತಂಡ ಊರೂರಿಗೆ ನಾಟಕ ಹೊತ್ತು ಹೊರಟಿತು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸುಬ್ಬಣ್ಣನವರನ್ನು ಹುಡುಕಿಕೊಂಡು ಬಂತು. 2005ರಲ್ಲಿ ಅವರು ತೀರಿಕೊಂಡರು. ನಾಟಕ ನಿಲ್ಲಲಿಲ್ಲ.

ಆ ಸಂಘದ ಹೆಸರನ್ನು ಇನ್ನೊಮ್ಮೆ ನೆನೆಯಿರಿ. ನಾಟ್ಯದ ಪಕ್ಕದಲ್ಲೇ ಸೇವೆ ಎಂಬ ಮಾತಿದೆ. ಕಲೆಗೆ ಪ್ರತಿಭೆ ಬೇಕು, ನಿಜ. ಆದರೆ ಅದು ಒಂದು ಊರಿನಲ್ಲಿ ಬೇರು ಬಿಡಲು ನೀರೆರೆಯುವವರೂ ಬೇಕು. ತೋಟದವರಿಗೆ ಇದು ಗೊತ್ತು. ಅಡಿಕೆ ಸಸಿ ನೆಟ್ಟವರು ಮರುದಿನವೇ ಗೊನೆ ಕೇಳುವುದಿಲ್ಲ.

ನಿಮ್ಮೂರಿನಲ್ಲೂ ಜಮಖಾನ ಹಾಸುವ ಒಬ್ಬರಿರುತ್ತಾರೆ. ಇವತ್ತು ಸಿಕ್ಕರೆ ಮಾತಾಡಿಸಿ. ಮುಂದಿನ ನಾಟಕದ ದಿನ ಅರ್ಧ ಗಂಟೆ ಮೊದಲೇ ಹೋಗಿ. ಜಮಖಾನದ ಇನ್ನೊಂದು ತುದಿ ಹಿಡಿಯಿರಿ.