ಬಂಡೆಯ ಮೇಲಿನ ಡಡ್ಲಿಯಾ: ಮುಟ್ಟದೆ ಗುರುತಿಸೋಣ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ಪಾಯಿಂಟ್ ರೇಯಸ್‌ಗೋ ಮೆಂಡಸೀನೋಗೋ ಹೋಗಿಬಂದವರು ಬೇಕಾದಷ್ಟು ಜನ. ಅಲ್ಲಿನ ಕಡಲ ಬಂಡೆಗಳ ಬಿರುಕಿನಲ್ಲಿ, ಹಿಡಿ ಮಣ್ಣೂ ಇಲ್ಲದ ಕಡೆ, ದಪ್ಪ ಎಲೆಗಳನ್ನು ಸುತ್ತಲೂ ಜೋಡಿಸಿಕೊಂಡ ಗಿಡವೊಂದಿದೆ: ಡಡ್ಲಿಯಾ ಫರಿನೋಸಾ. ನಮ್ಮ ಕಾಡುಬಸಳೆಯ ಕುಟುಂಬದ್ದೇ.

ಬಣ್ಣ ನೋಡಿ ಇದನ್ನು ಗುರುತು ಹಿಡಿಯೋಕೆ ಹೋಗಬೇಡಿ. ಒಂದು ಗಿಡ ಹಿಟ್ಟು ಬಳಿದುಕೊಂಡ ಹಾಗೆ ಬೆಳ್ಳಗಿರುತ್ತೆ, ಅದೇ ಜಾತಿಯ ಪಕ್ಕದ ಗಿಡ ಅಚ್ಚ ಹಸಿರು. ಆ ಬಿಳುಪು ಎಲೆಯದೇ ಮೇಣ. ಬಿಸಿಲನ್ನು ತಡೆಯುತ್ತೆ, ಒಳಗಿನ ನೀರು ಆರದಂತೆ ಕಾಯುತ್ತೆ. ಬೆರಳು ಸೋಕಿದರೆ ಅಳಿಸಿಹೋಗುತ್ತೆ. ಅಳಿಸಿದ ಜಾಗದಲ್ಲಿ ಮತ್ತೆ ಮೊದಲಿನಂತಾಗೋದಿಲ್ಲ. ದಯವಿಟ್ಟು ಕಣ್ಣಲ್ಲೇ ನೋಡಿ.

ಏನನ್ನು ನೋಡಬೇಕು? ಹೂದಂಟು ಎಲ್ಲಿಂದ ಹೊರಡುತ್ತೆ ಅನ್ನೋದನ್ನ. ಡಡ್ಲಿಯಾದಲ್ಲಿ ಅದು ನಡುನೆತ್ತಿಯಿಂದ ಬರೋದಿಲ್ಲ, ಪಕ್ಕದ ಎಲೆಯ ಕಂಕುಳಿಂದ ಬರುತ್ತೆ. ನೆತ್ತಿ ತನ್ನ ಪಾಡಿಗೆ ಬೆಳೆಯುತ್ತಿರುತ್ತೆ, ಹಾಗಾಗಿ ಹೂ ಬಿಟ್ಟ ಮೇಲೂ ಗಿಡ ಬದುಕಿರುತ್ತೆ. ಬುಡದಲ್ಲಿ ಹಳೆಯ ಎಲೆಗಳು ಒಣಗಿ ಕಾಂಡಕ್ಕೇ ಅಂಟಿಕೊಂಡಿರುತ್ತವೆ. ಹೂವು ತಿಳಿಹಳದಿ, ಎಸಳುಗಳು ಅರೆನಿಮಿರಿ ಬಟ್ಟಲಾಗಿರುತ್ತವೆ. ಅಲ್ಲೇ ಸಿಗುವ ಸೀಡಮ್ ಎಂಬ ಇನ್ನೊಂದು ಗಿಡದ ಹಳದಿ ಹೂವು ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತೆ. ಅದರ ಎಲೆಯೂ ಚಿಕ್ಕದು, ನೆಲಕ್ಕೆ ಹಬ್ಬುವ ಗಿಡ ಅದು.

ಎಲೆಗಳು ಎದುರುಬದುರಾಗಿ, ಮೂರು ಮೂಲೆಯಾಗಿದ್ದರೆ ಅದು ಐಸ್ ಪ್ಲಾಂಟ್. ದಕ್ಷಿಣ ಆಫ್ರಿಕಾದ ಈ ಗಿಡವನ್ನು ಮಣ್ಣು ಕೊಚ್ಚಿಹೋಗದಿರಲಿ ಅಂತ ನೆಟ್ಟರು. ಈಗ ಸ್ಥಳೀಯ ಗಿಡಗಳನ್ನೇ ಮುಚ್ಚಿಹಾಕುತ್ತಿದೆ.

ಡಡ್ಲಿಯಾಕ್ಕೆ ಇನ್ನೂ ದೊಡ್ಡ ಅಪಾಯ ಮನುಷ್ಯರ ಆಸೆ. ಉತ್ತರ ಕ್ಯಾಲಿಫೋರ್ನಿಯಾದ ಉದ್ಯಾನಗಳಿಂದ ಕಿತ್ತ 3,715 ಗಿಡಗಳನ್ನು ಹೊರದೇಶಕ್ಕೆ ಸಾಗಿಸಲು ಹೊರಟವನಿಗೆ 2022ರಲ್ಲಿ ಎರಡು ವರ್ಷ ಸೆರೆವಾಸವಾಯಿತು. ಅದರ ಹಿಂದಿನ ವರ್ಷ, 2021ರಲ್ಲಿ, ಈ ಗಿಡಗಳ ರಕ್ಷಣೆಗೆಂದೇ ರಾಜ್ಯ ಕಾನೂನು ತಂದಿತ್ತು. ಆ ಕಳ್ಳತನದ ಸುದ್ದಿ ಓದಿದಾಗ ಹೊಟ್ಟೆ ಉರಿಯಿತು ನನಗೆ. ಬಂಡೆಯಲ್ಲಿ ನಿಧಾನವಾಗಿ ಬೆಳೆದ ಗಿಡಗಳವು. ಕಾಡುಬಸಳೆಯ ಹಾಗೆ ಒಂದೆಲೆ ಬಿದ್ದರೆ ಹತ್ತು ಮರಿ ಏಳುವ ಭಾಗ್ಯ ಇವಕ್ಕಿಲ್ಲ. ಕಿತ್ತ ಎಲೆ ಸುಲಭವಾಗಿ ಬೇರು ಬಿಡೋದಿಲ್ಲ.

ಹಾಗಾಗಿ ನಿಮಗೆ ಕಂಡರೆ ಹೂದಂಟಿನ ಬುಡ ಕಾಣುವ ಹಾಗೆ ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಗಿಡ, ಪ್ರಾಣಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕುವಾಗ ಸ್ಥಳ ಮರೆಮಾಡುವ ಆಯ್ಕೆಯನ್ನು ಒತ್ತಿ. ನಿಖರ ಜಾಗ ಕಳ್ಳರಿಗೆ ಸಿಗಬಾರದು.