ಬರೆದಿಟ್ಟ ಅನುಭವ ಎಲ್ಲರ ಆಸ್ತಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದಿದೆ ಅಂದರೆ ಅದು ಸಣ್ಣ ಮಾತಲ್ಲ. ಅದಕ್ಕಾಗಿ ದುಡಿದ ಎಲ್ಲರಿಗೂ ನನ್ನ ನಮಸ್ಕಾರಗಳು. ಸಾಲ, ಗೊಬ್ಬರ, ಬಿತ್ತನೆ ಬೀಜದ ವಿಚಾರವನ್ನು ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಬೇರೆ ಒಂದು ವಿಚಾರ ಎತ್ತಿಕೊಳ್ಳುತ್ತೇನೆ. ಸಹಕಾರ ಸಂಘದಲ್ಲಿ ನಾವು ಹಣವನ್ನು ಕೂಡಿಡುತ್ತೇವೆ. ತಿಳಿವಳಿಕೆಯನ್ನೂ ಹಾಗೆಯೇ ಕೂಡಿಡಬಹುದೇ? ಸಕ್ಕರೆ ಕಸುಬಿನವರು ಸುಮಾರು ನೂರು ವರ್ಷಗಳಿಂದ ಈ ಕೆಲಸ ಮಾಡಿಕೊಂಡು ಬಂದಿದ್ದಾರೆ. ಹೇಗೆ ಅನ್ನೋದನ್ನ ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ನಮ್ಮ ಆಲೆಮನೆಗಳನ್ನೇ ನೋಡಿ. ಕೊಪ್ಪರಿಗೆಯ ಮುಂದೆ ನಿಂತ ಅನುಭವಸ್ಥ ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಹದ ಬಂತೋ ಇಲ್ಲವೋ ಹೇಳಿಬಿಡುತ್ತಾನೆ. ಸುಣ್ಣ ಎಷ್ಟು, ಬೆಂಡೆ ಗಿಡದ ಲೋಳೆ ಯಾವಾಗ, ಉರಿ ಯಾವಾಗ ತಗ್ಗಿಸಬೇಕು, ಎಲ್ಲವೂ ಅವನ ಕಣ್ಣಲ್ಲಿ, ಕೈಯಲ್ಲಿ ಇದೆ. ಅದು ದೊಡ್ಡ ವಿದ್ಯೆ. ಆದರೆ ಅವನು ಹೋದ ದಿನ ವಿದ್ಯೆಯೂ ಹೋಯಿತು. ಪಕ್ಕದ ಊರಿನವನು ಮತ್ತೆ ಮೊದಲಿನಿಂದ ನಾಲ್ಕು ಕೊಪ್ಪರಿಗೆ ಬೆಲ್ಲ ಕೆಡಿಸಿಕೊಂಡೇ ಕಲಿಯಬೇಕು.

ಸಕ್ಕರೆ ಕಾರ್ಖಾನೆಗಳಿಗೂ ಇದೇ ಕಷ್ಟ ಇತ್ತು. ಒಂದು ಕಡೆ ಕಂಡುಕೊಂಡದ್ದು ಇನ್ನೊಂದು ಕಡೆಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ಸರಿಮಾಡಲು ನಾನಾ ದೇಶಗಳ ಕಬ್ಬಿನ ತಜ್ಞರು 1924ರಲ್ಲಿ ಹವಾಯಿ ದ್ವೀಪಗಳ ಹೊನೊಲುಲುವಿನಲ್ಲಿ ಸೇರಿ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಮರುವರ್ಷವೇ, 1925ರಲ್ಲಿ, ಭಾರತದ ಸಕ್ಕರೆ ತಂತ್ರಜ್ಞರ ಸಂಘ ಹುಟ್ಟಿತು. 1936ರಲ್ಲಿ ಪುಣೆಯಲ್ಲಿ ಡೆಕ್ಕನ್ ಸಕ್ಕರೆ ತಂತ್ರಜ್ಞರ ಸಂಘ ಬಂತು. ದಕ್ಷಿಣದ ರಾಜ್ಯಗಳಿಗೆ ಅಂತಲೇ ಚೆನ್ನೈನಲ್ಲೂ ಒಂದು ಸಂಘ ಇದೆ. ಕಾರ್ಖಾನೆಯ ಕೆಮಿಸ್ಟರು, ಎಂಜಿನಿಯರುಗಳು, ಕಬ್ಬು ಅಧಿಕಾರಿಗಳು, ಸಂಶೋಧನಾ ಕೇಂದ್ರಗಳ ವಿಜ್ಞಾನಿಗಳು ಇವುಗಳ ಸದಸ್ಯರು. ಅಂತರರಾಷ್ಟ್ರೀಯ ಸಂಘದ ಮಹಾಸಭೆ ನಮ್ಮ ದೇಶದಲ್ಲೇ 1956ರಲ್ಲಿ, 1999ರಲ್ಲಿ, ಮತ್ತೆ 2023ರಲ್ಲಿ ಹೈದರಾಬಾದಿನಲ್ಲಿ ನಡೆಯಿತು.

ಈ ಸಭೆಗಳಲ್ಲಿ ಏನು ಮಾಡುತ್ತಾರೆ? ತಾವು ಮಾಡಿದ ಕೆಲಸವನ್ನು ಪ್ರಬಂಧವಾಗಿ ಬರೆದು ತಂದು ಓದುತ್ತಾರೆ. ಬೇಸಾಯದ್ದು ಒಂದು ಕಡೆ, ಯಂತ್ರದ್ದು ಒಂದು ಕಡೆ, ರಸ ಶುದ್ಧಿ ಮಾಡಿ ಸಕ್ಕರೆ ತೆಗೆಯುವುದು ಇನ್ನೊಂದು ಕಡೆ. "ಈ ಸಲ ಕಬ್ಬು ಚೆನ್ನಾಗಿ ಬಂತು" ಅಂದರೆ ಅದು ಪ್ರಬಂಧ ಆಗುವುದಿಲ್ಲ. ಯಾವ ಮಣ್ಣು, ಯಾವ ತಳಿ, ಯಾವ ತಿಂಗಳು ನಾಟಿ, ಎಷ್ಟು ಗೊಬ್ಬರ, ಎಷ್ಟು ಸಲ ನೀರು, ಎಲ್ಲ ಬರೆಯಬೇಕು. ಹೊಸ ಕ್ರಮ ಮಾಡಿದ ತಾಕಿನ ಪಕ್ಕದಲ್ಲೇ ಅದನ್ನು ಮಾಡದೆ ಬಿಟ್ಟ ತಾಕೂ ಇರಬೇಕು. ಇಲ್ಲದಿದ್ದರೆ ಬೆಳೆ ಬಂದದ್ದು ಔಷಧಿಯಿಂದಲೋ ಒಳ್ಳೆ ಮಳೆಯಿಂದಲೋ ಹೇಳುವುದು ಹೇಗೆ? ಓದಿದ ಮೇಲೆ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದು. ಆಮೇಲೆ ಎಲ್ಲವನ್ನೂ ಅಚ್ಚು ಹಾಕಿಸುತ್ತಾರೆ. ಅಚ್ಚಾದ ಮೇಲೆ ಇನ್ನೊಬ್ಬ ತನ್ನ ಜಾಗದಲ್ಲಿ ಮಾಡಿ ನೋಡಿ, ಹೌದು ಅನ್ನಬಹುದು, ಅಲ್ಲ ಅನ್ನಲೂಬಹುದು.

ಒಂದಕ್ಕೊಂದು ಪೈಪೋಟಿ ಮಾಡುವ ಕಾರ್ಖಾನೆಗಳು ಗುಟ್ಟು ಯಾಕೆ ಬಿಟ್ಟುಕೊಡುತ್ತವೆ ಅಂತ ನೀವು ಕೇಳಬಹುದು. ಎಲ್ಲ ಗುಟ್ಟನ್ನೂ ಕೊಡುವುದಿಲ್ಲ, ನಿಜ. ಆದರೆ ಬಾಯ್ಲರಿನಲ್ಲಿ ಹಬೆ ಉಳಿಸುವುದು, ಸಿಪ್ಪೆಯಲ್ಲಿ ಉಳಿದುಹೋಗುವ ಸಕ್ಕರೆಯನ್ನು ಹಿಂಡಿ ತೆಗೆಯುವುದು ಎಲ್ಲರಿಗೂ ಇರುವ ತಲೆನೋವು. ತಾನು ಒಂದು ಪ್ರಬಂಧ ಕೊಟ್ಟವನಿಗೆ ಬೇರೆಯವರ ಐವತ್ತು ಪ್ರಬಂಧ ಸಿಗುತ್ತದೆ. ಮುಯ್ಯಿ ಆಳಿನ ಲೆಕ್ಕ ಇದ್ದ ಹಾಗೆ.

ಬರೆದ ವಿದ್ಯೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಅನ್ನುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಾಗ ನಮ್ಮ ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಡಿದಿತ್ತು. ಅವರು ಅದೇ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಸಿ ನೋಡಿ, ಫಲಿತಾಂಶವನ್ನು ಇಲಾಖೆಯ ಪುಸ್ತಿಕೆಯಾಗಿ ಹೊರತಂದರು. ಈಗಲೂ ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಹೊಡೆಯುವುದು ಅದನ್ನೇ. ದ್ರಾಕ್ಷಿಗೆ ಕಂಡದ್ದು ಅಡಿಕೆಯನ್ನು ಉಳಿಸಿತು, ಯಾಕೆಂದರೆ ಒಬ್ಬರು ಬರೆದಿಟ್ಟಿದ್ದರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಲು ದುಡಿದವರೂ ಇದೇ ಕೋಲ್ಮನ್ ಅವರು.

ನಮ್ಮ ಕಾಲದ್ದೇ ಇನ್ನೊಂದು. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯಿಂದ ಕರ್ನಾಟಕದ ಉತ್ತರದ ಜಿಲ್ಲೆಗಳಿಗೆ ಬಿಳಿ ಉಣ್ಣೆ ಹೇನು ನುಗ್ಗಿತು. ಕಬ್ಬಿನ ಗರಿಯ ಅಡಿಯಲ್ಲಿ ಹಿಂಜಿದ ಹತ್ತಿಯ ಹಾಗೆ ಕೂತು ರಸ ಹೀರಿತು. ಗಾಬರಿಯಾದ ರೈತರು ಕೈಗೆ ಸಿಕ್ಕ ವಿಷ ಹೊಡೆದರು. ಆಳೆತ್ತರ ಬೆಳೆದ ಕಬ್ಬಿನೊಳಗೆ ಹೊಕ್ಕು ಹೊಡೆಯುವುದೇ ಕಷ್ಟ. ಹೊಡೆದರೆ ಹೇನನ್ನು ತಿನ್ನುವ ಹುಳುಗಳೂ ಸಾಯುತ್ತವೆ. ಹೇನನ್ನು ತಿಂದು ಬದುಕುವ ಡಿಫಾ ಎಂಬ ಪತಂಗದ ಮರಿಹುಳು, ಮೈಕ್ರೋಮಸ್ ಎಂಬ ಕೀಟ ಇವೆ, ಅವನ್ನು ಉಳಿಸಿಕೊಳ್ಳಿ, ಬೆಳೆಸಿ ಬಿಡಿ ಅಂತ ವಿಜ್ಞಾನಿಗಳು ತಾವು ನೋಡಿದ್ದನ್ನು ಬರೆದು ಹಂಚಿಕೊಂಡರು. ಒಂದು ಜಿಲ್ಲೆಯ ಅನುಭವ ಇನ್ನೊಂದು ಜಿಲ್ಲೆಗೆ ದಾರಿ ಆಯಿತು. ಆ ಮಾತು ತಲುಪುವುದರೊಳಗೆ ಔಷಧಿಗೆ ಸಾಲ ಮಾಡಿದವರ ಕಥೆ ಏನು? ತಿಳಿವಳಿಕೆ ತಡವಾದರೆ ನಷ್ಟ ರೈತನದು.

ಈಗ ನಮ್ಮ ಜೇಬಿನ ಮಾತಿಗೆ ಬರೋಣ. ಡೈರಿಯಲ್ಲಿ ನಮ್ಮ ಹಾಲಿಗೆ ಫ್ಯಾಟ್ ನೋಡಿ ದರ ಹಾಕುತ್ತಾರೆ. ಕಬ್ಬಿಗೆ ಹಾಗಲ್ಲ. ಇಡೀ ಕಾರ್ಖಾನೆಯ ಸರಾಸರಿ ಸಕ್ಕರೆ ಇಳುವರಿ, ಅಂದರೆ ರಿಕವರಿ, ನೋಡುತ್ತಾರೆ. 2025-26ನೇ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಶೇಕಡಾ 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು. ಲೆಕ್ಕ ಹಾಕಿ: ಇಳುವರಿ ಶೇಕಡಾ ಒಂದು ಏರಿದರೆ ಟನ್ನಿಗೆ 346 ರೂಪಾಯಿ. ನೂರು ಟನ್ ಹಾಕುವವನಿಗೆ 34,600 ರೂಪಾಯಿ. ಕಡಿದ ಕಬ್ಬು ಬಿಸಿಲಲ್ಲಿ ದಿನಗಟ್ಟಲೆ ಬಿದ್ದಿದ್ದರೆ ತೂಕವೂ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಹರಳುಗಟ್ಟದ ಬೇರೆ ಸಕ್ಕರೆಯಾಗಿ ಒಡೆಯುತ್ತದೆ ಅಂತ ತಂತ್ರಜ್ಞರು ಪ್ರಬಂಧದ ಮೇಲೆ ಪ್ರಬಂಧ ಬರೆದಿದ್ದಾರೆ. ನಾನೊಬ್ಬ ಹೊಸ ಕಬ್ಬು ಹಾಕಿ, ಉಳಿದವರದು ಒಣಗಿದ ಕಬ್ಬಾದರೆ ಸರಾಸರಿ ಏರುವುದಿಲ್ಲ. ಆದ್ದರಿಂದ ಗೊತ್ತಿರುವವನು ಗುಟ್ಟಾಗಿ ಇಟ್ಟುಕೊಂಡರೆ ಅವನಿಗೇ ಲಾಭ ಇಲ್ಲ. ಕಡಿದ ಕಬ್ಬು ಗೇಟಿನಲ್ಲಿ ಕಾಯಬಾರದು ಅಂತ ಕಾರ್ಖಾನೆಯವರನ್ನು ಕೇಳುವುದಕ್ಕೂ ಈ ತಿಳಿವಳಿಕೆ ನಮಗೆ ಬೇಕು.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಈ ಪ್ರಬಂಧಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಕಬ್ಬು ಬೆಳೆಯುವವನ ಗದ್ದೆಯ ವಿಚಾರ ಅವನಿಗೇ ಓದಲು ಬಾರದ ಭಾಷೆಯಲ್ಲಿ, ಕಾರ್ಖಾನೆಯ ಬೀರುವಿನಲ್ಲಿ ಇದ್ದರೆ ಏನು ಬಂತು? ಈ ಅಂತರವನ್ನು ತುಂಬಲು ನಮ್ಮಂಥ ಸಂಘಕ್ಕೆ ಸಾಧ್ಯ ಇದೆ. ಮೂರು ಸಲಹೆ ಕೊಡುತ್ತೇನೆ.

ಒಂದು, ಸಂಘದ ಕಚೇರಿಯಲ್ಲಿ ಒಂದು ಬೆಳೆ ಪುಸ್ತಕ ಇಡಿ. ಒಬ್ಬೊಬ್ಬ ಸದಸ್ಯರಿಗೆ ಒಂದು ಪುಟ. ತಳಿ, ನಾಟಿ ಮಾಡಿದ ದಿನ, ಗೊಬ್ಬರ, ಕಟಾವಿನ ದಿನ, ತೂಕವಾದ ದಿನ, ಎಕರೆಗೆ ಎಷ್ಟು ಟನ್. ಫಲ ಕೊಡದ ಕ್ರಮವನ್ನೂ ಮುಚ್ಚಿಡದೆ ಬರೆಯಿರಿ. ಅದನ್ನು ಓದಿ ಇನ್ನೊಬ್ಬ ಉಳಿದುಕೊಳ್ಳುತ್ತಾನೆ.

ಎರಡು, ಹೊಸ ಔಷಧಿ, ಹೊಸ ಗೊಬ್ಬರ ಬಂದಾಗ ಇಡೀ ಗದ್ದೆಗೆ ಹಾಕಬೇಡಿ. ನಾಲ್ಕು ಸಾಲು ಹಾಗೇ ಬಿಡಿ. ಮಾರಲು ಬಂದವರನ್ನು, "ಇದನ್ನು ಎಲ್ಲಿ ಪರೀಕ್ಷೆ ಮಾಡಿದ್ದೀರಿ, ಎಲ್ಲಿ ಪ್ರಕಟವಾಗಿದೆ ಸ್ವಾಮಿ?" ಅಂತ ಕೇಳಿ.

ಮೂರು, ವಿ.ಸಿ. ಫಾರಂನ ವಿಜ್ಞಾನಿಗಳನ್ನೋ ಕಾರ್ಖಾನೆಯ ಕಬ್ಬು ಅಧಿಕಾರಿಗಳನ್ನೋ ಹಂಗಾಮಿಗೆ ಒಂದೆರಡು ಸಲ ಕರೆಸಿ, ಒಂದು ಪ್ರಬಂಧವನ್ನು ಕನ್ನಡದಲ್ಲಿ ಬಿಡಿಸಿ ಹೇಳಿಸಿ. ನಮ್ಮ ಬೆಳೆ ಪುಸ್ತಕವನ್ನೂ ಅವರ ಮುಂದೆ ಇಡಿ. ಓದಿದ ನಮ್ಮ ಹುಡುಗರು, ಹೆಣ್ಣುಮಕ್ಕಳು ಅದನ್ನು ಎರಡು ಪುಟಕ್ಕೆ ಇಳಿಸಿ ನೋಟೀಸ್ ಬೋರ್ಡಿಗೆ ಹಾಕಲಿ.

ಇದಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ಪುಸ್ತಕ, ಒಂದು ಪೆನ್ನು, ಬರೆಯುವ ಮನಸ್ಸು ಸಾಕು. ಷೇರು ಹಣದ ಜೊತೆಗೆ ಅನುಭವವನ್ನೂ ಜಮಾ ಮಾಡುವ ಸಂಘ ಇದಾಗಲಿ, ಸುವರ್ಣ ಮಹೋತ್ಸವದ ಹೊತ್ತಿಗೆ ಇಪ್ಪತ್ತೈದು ಬೆಳೆ ಪುಸ್ತಕಗಳು ಈ ಬೀರುವಿನಲ್ಲಿರಲಿ ಎಂದು ಹಾರೈಸುತ್ತೇನೆ.